ನೂರು ಮಿಲಿ ಆಯಿಲ್: ತೋಟದ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಮಲೆನಾಡು, ಕೊಡಗು, ಕರಾವಳಿಯ ಅಡಿಕೆ ಮತ್ತು ಕಾಫಿ ತೋಟದ ಮಾಲೀಕರೇ, ಹೋಂಸ್ಟೇ ಅಂಗಳದಲ್ಲಿ ಲಾನ್ ಬೆಳೆಸಿಕೊಂಡಿರುವವರೇ,



ಆರಿದ್ರಾ ಮಳೆ ಹಿಡಿದು ನಾಲ್ಕು ದಿನ ಕಳೆಯುವಷ್ಟರಲ್ಲಿ ನಮ್ಮ ಕಡೆಯ ಸಣ್ಣ ಎಂಜಿನ್ ರಿಪೇರಿ ಅಂಗಡಿಗಳ ಮುಂದೆ ವೀಡ್ ಕಟರ್‌ಗಳ ಸಾಲು ಬೆಳೆಯುತ್ತದೆ. ತೋಟದಲ್ಲಿ ಹುಲ್ಲು ಮೊಣಕಾಲು ಮುಟ್ಟಿರುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರು ಬರುವ ಮೊದಲು ಒಂದು ಸುತ್ತು ಸವರಿ ಮುಗಿಸಬೇಕೆಂಬ ಅವಸರ ಇರುತ್ತದೆ. ಅಷ್ಟರಲ್ಲಿ ಯಂತ್ರ ನಿಂತಿರುತ್ತದೆ. ಹಗ್ಗ ಎಳೆದರೆ ಅಲ್ಲಾಡುವುದಿಲ್ಲ, ಪಿಸ್ಟನ್ ಸಿಲಿಂಡರಿನ ಬೋರಿಗೆ ಕಚ್ಚಿಕೊಂಡಿದೆ. ಯಂತ್ರ ತಂದವರು ಹೇಳುವ ಮಾತು ಸಾಮಾನ್ಯವಾಗಿ ಎರಡೇ. ಒಂದು, ‘ಹುಡುಗ ಹಾಳು ಮಾಡಿಬಿಟ್ಟ’. ಇನ್ನೊಂದು, ‘ಈ ಕಂಪನಿ ಮಷಿನ್ನೇ ಸರಿ ಇಲ್ಲ’.

ಸಣ್ಣ ಎಂಜಿನ್ ಬಿಚ್ಚಿ ಜೋಡಿಸುವುದನ್ನೇ ಕಸುಬು ಮಾಡಿಕೊಂಡ ನನಗೆ ಈ ಎರಡೂ ಮಾತು ಸಂಕಟ ತರುತ್ತವೆ. ಒಳಗೆ ಕಾಣುವ ಕಾರಣ ಬಹುಪಾಲು ಬೇರೆಯೇ ಇರುತ್ತದೆ: ಆಯಿಲ್ ಕಡಿಮೆಯಾಗಿತ್ತು, ಇಲ್ಲವೇ ತಪ್ಪು ಆಯಿಲ್ ಹಾಕಿದ್ದರು, ಇಲ್ಲವೇ ಆಯಿಲ್ ತಾಳಲಾರದಷ್ಟು ಕಾದಿತ್ತು. ಮೂರೂ ಮಾಲೀಕರ ಕೈಯಲ್ಲಿರುವ ಸಂಗತಿಗಳು. ಅದಕ್ಕೇ ಈ ಪತ್ರವನ್ನು ಯಂತ್ರ ಹೊರುವವರಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ಈಚೆಗೆ ಬಂದ ಒಂದು ಎಂಜಿನ್ನಿನ ಕತೆ ಹೇಳುತ್ತೇನೆ. 35 ಸಿಸಿಯ ಫೋರ್ ಸ್ಟ್ರೋಕ್ ವೀಡ್ ಕಟರ್, ಮೈಮೇಲೆ ಬಣ್ಣ ಇನ್ನೂ ಹೊಳೆಯುತ್ತಿತ್ತು. ಆಯಿಲ್ ಮುಚ್ಚಳ ತೆಗೆದು ಬಗ್ಗಿಸಿದೆ. ಹೊರಗೆ ಬಂದದ್ದು ಒಂದೆರಡು ಚಮಚ, ಕಪ್ಪಗೆ, ಸುಟ್ಟ ವಾಸನೆ. ಬಿಳಿ ತಟ್ಟೆಗೆ ಸುರಿದು ಬಿಸಿಲಿಗೆ ಹಿಡಿದರೆ ಅದರಲ್ಲಿ ಅಲ್ಯೂಮಿನಿಯಂ ಪುಡಿ ಮಿಣುಗುತ್ತಿತ್ತು. ಪಿಸ್ಟನ್ನಿನ ಪಕ್ಕೆಯಲ್ಲಿ ಮೇಲಿಂದ ಕೆಳಗೆ ಆಳವಾದ ಗೀರು. ಮೇಲಿನ ಪ್ಲಾಸ್ಟಿಕ್ ಕವಚ ಬಿಚ್ಚಿದಾಗ ಸಿಲಿಂಡರಿನ ರೆಕ್ಕೆಗಳ ಸಂದಿಯಲ್ಲಿ ಹಸಿ ಹುಲ್ಲಿನ ಮುದ್ದೆ ಒಣಗಿ ಗಟ್ಟಿಯಾಗಿ ಕೂತಿತ್ತು, ಸ್ಕ್ರೂಡ್ರೈವರಿನಿಂದ ಕೆತ್ತಿ ತೆಗೆಯಬೇಕಾಯಿತು. ಆ ಯಂತ್ರ ಹೊತ್ತು ಕೆಲಸ ಮಾಡುತ್ತಿದ್ದವರನ್ನು ಕೇಳಿದರೆ, ‘ಪೆಟ್ರೋಲ್ ಹಾಕಕ್ಕೆ ಹೇಳಿದಾರೆ, ಹಾಕ್ತಿದ್ದೆ. ಆಯಿಲ್ ವಿಚಾರ ಯಾರೂ ಹೇಳಿಲ್ಲ’ ಅಂದರು. ನಿಜ, ಯಾರೂ ಹೇಳಿರಲಿಲ್ಲ. ಯಂತ್ರದ ಜೊತೆ ಬಂದ ಪುಸ್ತಕ ಮಾಲೀಕರ ಬೀರುವಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೇ ಇತ್ತು.

ಆ ಎಂಜಿನ್ನಿಗೆ ಬೇಕಾದ ಆಯಿಲ್ ಎಷ್ಟು ಗೊತ್ತೇ? ನಮ್ಮ ತೋಟಗಳಲ್ಲಿ ಬಹಳ ಕಡೆ ಇರುವ ಹೋಂಡಾ ಜಿಎಕ್ಸ್ 35 ಎಂಜಿನ್ ಹಿಡಿಯುವುದು 100 ಮಿಲಿ. ಅದರ ತಮ್ಮ ಜಿಎಕ್ಸ್ 25 ಹಿಡಿಯುವುದು 80 ಮಿಲಿ. ಹೋಟೆಲಿನಲ್ಲಿ ಚಹಾ ಕೊಡುವ ಗಾಜಿನ ಲೋಟದಷ್ಟು. ಲಾನ್ ಮೂವರ್‌ನ 160 ಸಿಸಿ ಎಂಜಿನ್ನಿನಲ್ಲಿ ಅರ್ಧ ಲೀಟರಿಗೆ ಸ್ವಲ್ಪ ಮೇಲೆ ಇರುತ್ತದೆ. ಕಾರಿನಲ್ಲಿ ಮೂರೂವರೆ ಲೀಟರಿನಷ್ಟು ಇರುತ್ತದೆ. ಕಾರಿನಲ್ಲಿ 20 ಮಿಲಿ ಆಯಿಲ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, ಎಂಜಿನ್ನಿಗೂ ಏನೂ ಆಗುವುದಿಲ್ಲ. ವೀಡ್ ಕಟರಿನಲ್ಲಿ 20 ಮಿಲಿ ಹೋದರೆ ಇದ್ದುದರಲ್ಲಿ ಐದನೇ ಒಂದು ಪಾಲು ಹೋದಂತೆ. ಆ ಸಣ್ಣ ಎಂಜಿನ್ ನಿಮಿಷಕ್ಕೆ 7,000 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ನೂರಕ್ಕೂ ಹೆಚ್ಚು. ಆಯಿಲ್ ಮುಗಿಯುತ್ತಿದೆ ಎಂದು ಹೇಳುವ ಕೆಂಪು ದೀಪ ಅದರಲ್ಲಿ ಇಲ್ಲ. ಆಯಿಲ್ ಫಿಲ್ಟರೂ ಇಲ್ಲ. ಸವೆದ ಲೋಹದ ಪುಡಿಯೆಲ್ಲ ಆ ನೂರು ಮಿಲಿಯಲ್ಲೇ ಸುತ್ತುತ್ತಿರುತ್ತದೆ.

ಇನ್ನು ಬಿಸಿಯ ವಿಷಯಕ್ಕೆ ಬರುತ್ತೇನೆ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಕಾರಿಗೆ ರೇಡಿಯೇಟರ್ ಇದೆ, ನೀರು ಸುತ್ತುತ್ತದೆ, ಆಯಿಲಿನ ಉಷ್ಣತೆ 90ರಿಂದ 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಗಾಳಿಯೇ ಗತಿ. ಫ್ಲೈವೀಲ್‌ಗೆ ಅಂಟಿಕೊಂಡ ರೆಕ್ಕೆಗಳು ಗಾಳಿಯನ್ನು ಸಿಲಿಂಡರಿನ ಮೇಲೆ ತಳ್ಳುತ್ತವೆ, ಆ ಗಾಳಿ ಎಷ್ಟು ತಂಪೋ ಎಂಜಿನ್ ಅಷ್ಟು ತಂಪು. ಹೊರಗಿನ ಗಾಳಿ 25 ಡಿಗ್ರಿ ಇದ್ದ ದಿನ ಆಯಿಲ್ 105 ಡಿಗ್ರಿಯಲ್ಲಿದ್ದರೆ, ಅದೇ ಕೆಲಸವನ್ನು 40 ಡಿಗ್ರಿ ಬಿಸಿಲಲ್ಲಿ ಮಾಡಿದಾಗ ಅದು ಹೆಚ್ಚುಕಡಿಮೆ 120 ಆಗುತ್ತದೆ. ಗಾಳಿಯ ಬಿಸಿ ಏರಿದಷ್ಟೂ ಆಯಿಲಿನ ಬಿಸಿ ಏರುತ್ತದೆ, ನಡುವೆ ತಡೆಯುವವರು ಯಾರೂ ಇಲ್ಲ. ಸಿಲಿಂಡರಿನ ರೆಕ್ಕೆಗಳ ಸಂದಿ ಹುಲ್ಲಿನಿಂದ ಮುಚ್ಚಿಕೊಂಡರೆ 130ನ್ನೂ ದಾಟುತ್ತದೆ. ಇದು ತಳದಲ್ಲಿ ನಿಂತ ಆಯಿಲಿನ ಮಾತು. ಪಿಸ್ಟನ್ನಿನ ಮೇಲಿನ ರಿಂಗಿನ ಹತ್ತಿರ ಹೋದ ಆಯಿಲ್ 200 ಡಿಗ್ರಿಗೂ ಮೇಲಿನ ಬಿಸಿಯನ್ನು ಕಂಡು ವಾಪಸು ಬರುತ್ತದೆ.

ಬಿಸಿಯಾದರೆ ಆಯಿಲಿಗೆ ಎರಡು ಕೇಡು. ಮೊದಲನೆಯದು ಅದು ತೆಳ್ಳಗಾಗುವುದು. ಡಬ್ಬಿಯ ಮೇಲೆ ಎಸ್‌ಎಇ 30 ಎಂದಿರುವುದು ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಗೊತ್ತುಮಾಡಿದ ದರ್ಜೆ. 100 ಡಿಗ್ರಿಯಲ್ಲಿ ಆ ಆಯಿಲಿನ ದಪ್ಪ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗೆ ಇರಬೇಕು. 40 ನಂಬರ್ ಆದರೆ 12.5ರಿಂದ 16.3. ಮಾಮೂಲಿ 30 ನಂಬರ್ ಆಯಿಲ್ ಹೊರಗಿನ 40 ಡಿಗ್ರಿಯಲ್ಲಿ ಸುಮಾರು 100 ಸೆಂಟಿಸ್ಟೋಕ್ಸ್ ಇರುತ್ತದೆ, 100 ಡಿಗ್ರಿಯಲ್ಲಿ 11ಕ್ಕೆ ಇಳಿಯುತ್ತದೆ, 130 ಡಿಗ್ರಿಗೆ ಹೋದರೆ 6 ಉಳಿಯುತ್ತದೆ. ಅಂದರೆ 100ರಿಂದ 130ಕ್ಕೆ ಏರುವಷ್ಟರಲ್ಲಿ ದಪ್ಪ ಸರಿಸುಮಾರು ಅರ್ಧ. ಪಿಸ್ಟನ್ನಿಗೂ ಬೋರಿಗೂ ನಡುವೆ ನಿಂತು ಲೋಹ ಲೋಹಕ್ಕೆ ತಾಗದಂತೆ ಕಾಯುವ ಪದರ ಅದೇ.

ಎರಡನೆಯ ಕೇಡು ನಿಧಾನವಾಗಿ ಆಗುವಂಥದ್ದು. ಬಿಸಿ ಆಯಿಲ್ ಗಾಳಿಯ ಆಮ್ಲಜನಕದೊಡನೆ ಸೇರಿ ಹಳಸುತ್ತದೆ. ಉಷ್ಣತೆ ಪ್ರತಿ 10 ಡಿಗ್ರಿ ಏರಿದಾಗ ಈ ಹಳಸುವ ವೇಗ ಎರಡು ಪಟ್ಟಾಗುತ್ತದೆ ಎನ್ನುವುದು ಕಸುಬಿನವರು ಇಟ್ಟುಕೊಂಡ ಅಂದಾಜು. 110 ಡಿಗ್ರಿಯಲ್ಲಿ ಒಂದು ಹಂಗಾಮು ಬಾಳುವ ಆಯಿಲ್ 130 ಡಿಗ್ರಿಯಲ್ಲಿ ಕಾಲು ಹಂಗಾಮಿಗೆ ಸೋಲುತ್ತದೆ. ಹಳಸಿದ ಆಯಿಲ್ ಮೊದಲು ಮೆರುಗೆಣ್ಣೆಯ ಹಾಗೆ ರಿಂಗುಗಳ ಸಂದಿಯಲ್ಲಿ ಅಂಟುತ್ತದೆ, ಆಮೇಲೆ ಕೆಸರಾಗುತ್ತದೆ. ರಿಂಗ್ ಅಂಟಿಕೊಂಡರೆ ಹೊಗೆ, ಹೊಗೆಯ ಹಿಂದೆ ಆಯಿಲ್ ಖರ್ಚು, ಅದರ ಹಿಂದೆ ಜಾಮ್.

ಹಾಗಾದರೆ ಯಾವ ಆಯಿಲ್ ಹಾಕಬೇಕು? ನನ್ನ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರ ನಂಬಿಕೆ ‘ದಪ್ಪ ಆಯಿಲ್ ಗಟ್ಟಿ ಆಯಿಲ್’ ಎಂದು. ಹಳೆಯ ಬುಲೆಟ್‌ಗೆ ಹಾಕುವ 20ಡಬ್ಲ್ಯೂ-50, ಪಂಪ್‌ಸೆಟ್ಟಿಗೆ ಹಾಕುವ 40 ನಂಬರ್, ಕೆಲವರು ಗೇರ್ ಬಾಕ್ಸಿನ 90 ನಂಬರನ್ನೇ ಸುರಿದು ತರುತ್ತಾರೆ. ಬಿಸಿಯಲ್ಲಿ ತೆಳ್ಳಗಾಗುತ್ತದೆ ಎಂದಮೇಲೆ ದಪ್ಪದ್ದನ್ನೇ ಹಾಕೋಣ ಎನ್ನುವ ಲೆಕ್ಕ ಅದು, ಕೇಳಲು ಸರಿಯಾಗಿಯೇ ಇದೆ. ಆದರೆ ವೀಡ್ ಕಟರಿನ ಎಂಜಿನ್ ಒಳಗೆ ಕಾರಿನ ಹಾಗೆ ಆಯಿಲ್ ಪಂಪ್ ಇಲ್ಲ. ತಳದಲ್ಲಿ ತಿರುಗುವ ಸಣ್ಣ ರೆಕ್ಕೆ ಆಯಿಲನ್ನು ಬಡಿದು ಮಂಜು ಮಾಡುತ್ತದೆ. ಆ ಮಂಜು ಕಿರಿದಾದ ದಾರಿಗಳಲ್ಲಿ ಹಾದು ಬೇರಿಂಗಿಗೆ, ಬೋರಿಗೆ, ಮೇಲಿನ ಕ್ಯಾಮಿಗೆ ತಲುಪಬೇಕು. ಯಂತ್ರವನ್ನು ಯಾವ ಕಡೆ ವಾಲಿಸಿದರೂ ಎಂಜಿನ್ ನಡೆಯುವುದು ಈ ಏರ್ಪಾಟಿನಿಂದಲೇ. ಜಿಎಕ್ಸ್ 35ರಲ್ಲಿ ಕ್ಯಾಮ್ ತಿರುಗಿಸುವ ಟೈಮಿಂಗ್ ಬೆಲ್ಟ್ ಕೂಡ ಆಯಿಲಿನ ಮಂಜಿನಲ್ಲೇ ಓಡುತ್ತದೆ. ದಪ್ಪ ಆಯಿಲ್ ಮಂಜಾಗುವುದು ತಡ. ಮಾಗಿ ಚಳಿಯಲ್ಲಿ ಕೊಡಗಿನ ಕಡೆ ಬೆಳಿಗ್ಗೆ ಯಂತ್ರ ಎಳೆದು ಒಮ್ಮೆಲೇ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ, ಮೇಲಿನ ಕ್ಯಾಮಿಗೆ ಆಯಿಲ್ ಮುಟ್ಟುವ ಮೊದಲೇ ಅದು ಎಷ್ಟೋ ಸುತ್ತು ಒಣಗಿಯೇ ತಿರುಗಿರುತ್ತದೆ. ದಪ್ಪ ಆಯಿಲನ್ನು ಕಡೆಯಲು ಎಂಜಿನ್ನಿಗೆ ಶಕ್ತಿ ಬೇಕು, ಆ ಶಕ್ತಿಯೂ ಕೊನೆಗೆ ಬಿಸಿಯೇ ಆಗುತ್ತದೆ.

ಆದ್ದರಿಂದ ಫೋರ್ ಸ್ಟ್ರೋಕ್ ವೀಡ್ ಕಟರಿಗೆ ನನ್ನ ಉತ್ತರ ಒಂದೇ: 10ಡಬ್ಲ್ಯೂ-30, ಡಬ್ಬಿಯ ಮೇಲೆ ಎಪಿಐ ದರ್ಜೆ ಎಸ್‌ಜೆ ಅಥವಾ ಅದಕ್ಕಿಂತ ಮುಂದಿನ ಅಕ್ಷರ. ಎಸ್‌ಎಲ್, ಎಸ್‌ಎಂ, ಎಸ್‌ಎನ್, ಎಸ್‌ಪಿ ಯಾವುದಾದರೂ ನಡೆಯುತ್ತದೆ. ಇದಕ್ಕೆ ವಿಶೇಷ ಡಬ್ಬಿ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಿಲ್ಲ. ಈಗಿನ 100–125 ಸಿಸಿ ಬೈಕುಗಳಲ್ಲಿ ಬಹಳಷ್ಟಕ್ಕೆ ಹಾಕುವುದು ಇದೇ 10ಡಬ್ಲ್ಯೂ-30 ಫೋರ್‌ಟಿ ಆಯಿಲ್, ತಾಲ್ಲೂಕು ಕೇಂದ್ರದ ಯಾವ ಬೈಕ್ ಸ್ಪೇರ್ ಅಂಗಡಿಯಲ್ಲೂ ಸಿಗುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ ಎಂದಿದ್ದರೆ ಗಾಬರಿ ಬೇಡ. ಅದು ಆಯಿಲಿನಲ್ಲಿ ಮುಳುಗಿರುವ ಬೈಕ್ ಕ್ಲಚ್ಚಿಗೆ ಸಂಬಂಧಿಸಿದ ಗುರುತು, ನಮ್ಮ ಯಂತ್ರಕ್ಕೆ ಅದರಿಂದ ತೊಂದರೆಯಿಲ್ಲ. ಬ್ಯಾರಲ್ಲಿನಿಂದ ಅಳೆದು ಕೊಡುವ ಲೂಸ್ ಆಯಿಲನ್ನು ಮಾತ್ರ ಮುಟ್ಟಬೇಡಿ. ಅದು ಯಾವ ದರ್ಜೆ, ಹೊಸದೋ ಸೋಸಿದ್ದೋ ಹೇಳುವ ಗುರುತು ಅದರ ಮೇಲೆ ಇರುವುದಿಲ್ಲ.

ಲಾನ್ ಮೂವರ್ ಕತೆ ಸ್ವಲ್ಪ ಬೇರೆ. ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿ ತನ್ನ ಎಂಜಿನ್ ಪುಸ್ತಕದಲ್ಲಿ ಹೊರಗಿನ ಉಷ್ಣತೆಗೆ ತಕ್ಕ ಆಯಿಲಿನ ಪಟ್ಟಿ ಕೊಡುತ್ತದೆ. ಬರಿ ಎಸ್‌ಎಇ 30 ಆಯಿಲ್ 4 ಡಿಗ್ರಿಯಿಂದ ಮೇಲಕ್ಕೆ. 10ಡಬ್ಲ್ಯೂ-30 ಮೈನಸ್ 18ರಿಂದ 38 ಡಿಗ್ರಿವರೆಗೆ. ಆದರೆ ಜೊತೆಗೇ ಒಂದು ಎಚ್ಚರಿಕೆ ಇದೆ: 27 ಡಿಗ್ರಿ ದಾಟಿದ ವಾತಾವರಣದಲ್ಲಿ 10ಡಬ್ಲ್ಯೂ-30 ಹಾಕಿದರೆ ಆಯಿಲ್ ಖರ್ಚು ಹೆಚ್ಚಬಹುದು, ಮಟ್ಟವನ್ನು ಮತ್ತೆ ಮತ್ತೆ ನೋಡಿ. ನಮ್ಮಲ್ಲಿ ಮಳೆಗಾಲ ಬಿಟ್ಟರೆ ವರ್ಷದ ಎಷ್ಟೋ ಮಧ್ಯಾಹ್ನಗಳು 27ರ ಮೇಲೆಯೇ. ಅಂದರೆ ಆ ಎಚ್ಚರಿಕೆ ನಮಗಾಗಿಯೇ ಬರೆದಂತಿದೆ.

ಎರಡಕ್ಕೂ 30 ಎಂದೇ ಹೆಸರು, 100 ಡಿಗ್ರಿಯಲ್ಲಿ ಎರಡರ ದಪ್ಪವೂ ಒಂದೇ ಮಿತಿಯೊಳಗೆ ಇರಬೇಕು. ಹಾಗಿದ್ದ ಮೇಲೆ ಒಂದು ಯಾಕೆ ಬೇಗ ಖರ್ಚಾಗುತ್ತದೆ? 10ಡಬ್ಲ್ಯೂ ಎಂದರೆ ಚಳಿಯಲ್ಲೂ ಹರಿಯಬೇಕು. ಹಾಗೆ ಹರಿಯಲು ಮೂಲ ಎಣ್ಣೆ ಹಗುರವಾಗಿರಬೇಕು. ಆ ಹಗುರ ಎಣ್ಣೆಗೆ ಪಾಲಿಮರ್ ಬೆರೆಸಿ, ಬಿಸಿಯಲ್ಲಿ 30 ನಂಬರಿನಷ್ಟು ದಪ್ಪ ಉಳಿಯುವಂತೆ ಮಾಡಿರುತ್ತಾರೆ. 120 ಡಿಗ್ರಿ ದಾಟಿದಾಗ ಆ ಹಗುರ ಭಾಗ ಆವಿಯಾಗಿ ಎಂಜಿನ್ ಉಸಿರಾಡುವ ಬ್ರೀದರ್ ದಾರಿಯಿಂದ ಏರ್ ಕ್ಲೀನರ್ ಸೇರಿ, ಅಲ್ಲಿಂದ ಎಂಜಿನ್ನಿಗೆ ಹೋಗಿ ಸುಟ್ಟುಹೋಗುತ್ತದೆ. ಹೊಗೆ ಕಾಣದೆ, ನೆಲಕ್ಕೆ ಹನಿ ಬೀಳದೆ ಆಯಿಲ್ ಕಡಿಮೆಯಾಗುವುದು ಹೀಗೆ. ‘ಲೀಕೇ ಇಲ್ಲ, ಆಯಿಲ್ ಎಲ್ಲಿ ಹೋಯ್ತು?’ ಎಂದು ಕೇಳುವವರಿಗೆ ಉತ್ತರ ಇದು. ಸಿಂಥೆಟಿಕ್ ಆಯಿಲಿನಲ್ಲಿ ಈ ಆವಿ ಕಡಿಮೆ, ಬಿಸಿಗೆ ಹಳಸುವುದೂ ನಿಧಾನ. ಬೆಲೆ ಹೆಚ್ಚು ನಿಜ, ಆದರೆ ಅರ್ಧ ಲೀಟರ್ ಆಯಿಲ್ ಹಿಡಿಯುವ ಎಂಜಿನ್ನಿಗೆ ಆ ಹೆಚ್ಚಳ ದೊಡ್ಡದೇನಲ್ಲ.

ಹೋಂಸ್ಟೇ ಲಾನ್ ಮೂವರ್‌ಗೆ ನನ್ನ ಸಲಹೆ: ಎಪಿಐ ಎಸ್ ದರ್ಜೆಯ ಬರಿ 30 ನಂಬರ್ ಆಯಿಲ್ ಸಿಕ್ಕರೆ ಅದನ್ನೇ ಹಾಕಿ. ಸಿಗದಿದ್ದರೆ 10ಡಬ್ಲ್ಯೂ-30 ಹಾಕಿ, ಪ್ರತಿ ಸಲ ಪೆಟ್ರೋಲ್ ತುಂಬಿಸುವಾಗ ಆಯಿಲ್ ಮಟ್ಟದ ಕಡ್ಡಿ ತೆಗೆದು ನೋಡಿ. ರಾಯಚೂರು, ಕಲಬುರಗಿ ಕಡೆ ಕಾಲೇಜು ಅಂಗಳದ ಲಾನ್ ನೋಡಿಕೊಳ್ಳುವ ನಮ್ಮ ನೆಂಟರಿಷ್ಟರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ನಿಮ್ಮ ಏಪ್ರಿಲ್–ಮೇ ತಿಂಗಳು ಆ ಪಟ್ಟಿಯ 38 ಡಿಗ್ರಿಯ ಗೆರೆಯನ್ನು ದಾಟಿಯೇ ಹೋಗುತ್ತದೆ. ಅಲ್ಲಿ ಬರಿ 30 ಅಥವಾ ಒಳ್ಳೆಯ ಸಿಂಥೆಟಿಕ್, ಮತ್ತು ಹುಲ್ಲು ಕತ್ತರಿಸುವುದು ಬೆಳಿಗ್ಗೆ ಒಂಬತ್ತರೊಳಗೆ.

ಟೂ ಸ್ಟ್ರೋಕ್ ಯಂತ್ರ ಇರುವವರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಅದರಲ್ಲಿ ಆಯಿಲ್ ತೊಟ್ಟಿಯೇ ಇಲ್ಲ, ಪೆಟ್ರೋಲಿಗೆ ಬೆರೆಸಿದ ಟೂಟಿ ಆಯಿಲೇ ಎಲ್ಲ. ಪುಸ್ತಕದಲ್ಲಿ 1:50 ಎಂದಿದ್ದರೆ ಲೀಟರಿಗೆ 20 ಮಿಲಿ, 1:25 ಎಂದಿದ್ದರೆ 40 ಮಿಲಿ. ಅಂದಾಜಿನಲ್ಲಿ ಸುರಿಯಬೇಡಿ, ಔಷಧದ ಅಂಗಡಿಯಲ್ಲಿ ಸಿಗುವ ಸಿರಿಂಜ್ ಇಟ್ಟುಕೊಳ್ಳಿ. ಕರಾವಳಿಯವರಿಗೆ ಪ್ರತ್ಯೇಕವಾಗಿ ಹೇಳಬೇಕಾದದ್ದೊಂದಿದೆ. ದೋಣಿಯ ಔಟ್‌ಬೋರ್ಡ್ ಮೋಟಾರಿನ ಆಯಿಲ್ ಮನೆಯಲ್ಲಿದೆಯೆಂದು ಅದನ್ನೇ ವೀಡ್ ಕಟರಿಗೆ ಬೆರೆಸಬೇಡಿ. ಟಿಸಿ-ಡಬ್ಲ್ಯೂ3 ಎಂಬ ಗುರುತಿನ ಆ ಆಯಿಲ್ ನೀರಿನಿಂದ ತಂಪಾಗುವ ಎಂಜಿನ್ನಿಗಾಗಿ ಮಾಡಿದ್ದು, ಗಾಳಿಯಿಂದ ತಂಪಾಗುವ ಎಂಜಿನ್ನಿನ ಬಿಸಿಗೆ ಅದು ನಿಲ್ಲುವುದಿಲ್ಲ. ವೀಡ್ ಕಟರಿಗೆ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಗುರುತಿನ ಟೂಟಿ ಆಯಿಲ್ ಬೇಕು. ಇನ್ನು ಸ್ಟಿಲ್ ಕಂಪನಿಯ 4-ಮಿಕ್ಸ್ ಎಂಜಿನ್ ಇದೆಯಲ್ಲ, ಅದು ಫೋರ್ ಸ್ಟ್ರೋಕ್ ಆದರೂ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. ಒಂದೇ ಮನೆಯಲ್ಲಿ ಎರಡು ಜಾತಿಯ ಯಂತ್ರ ಇದ್ದರೆ ಕ್ಯಾನುಗಳ ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಬರೆದಿಡಿ. ಟೂ ಸ್ಟ್ರೋಕಿಗೆ ಬರಿ ಪೆಟ್ರೋಲ್ ಹೋದರೆ ಕೆಲವೇ ನಿಮಿಷದಲ್ಲಿ ಅದರ ಕತೆ ಮುಗಿಯುತ್ತದೆ.

ಆಯಿಲ್ ಎಷ್ಟೇ ಒಳ್ಳೆಯದಿರಲಿ, ಎಂಜಿನ್ನಿಗೆ ಗಾಳಿ ಸಿಗದಿದ್ದರೆ ಪ್ರಯೋಜನವಿಲ್ಲ. ವಾರಕ್ಕೊಮ್ಮೆ, ಮಳೆಗಾಲದಲ್ಲಿ ದಿನವೂ, ಎಂಜಿನ್ ಆರಿದ ಮೇಲೆ ಗಾಳಿ ಒಳಹೋಗುವ ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿಸಿ. ಹಂಗಾಮಿಗೆ ಒಮ್ಮೆ ಕವಚ ಬಿಚ್ಚಿ ರೆಕ್ಕೆಗಳ ಸಂದಿ ಬಿಡಿಸಿ. ನೀರಿನ ಪೈಪ್ ಹಿಡಿಯಬೇಡಿ.

ನಾನು ತೋಟಗಳಲ್ಲಿ ಮತ್ತೆ ಮತ್ತೆ ನೋಡುವ ಇನ್ನೊಂದು ಸಂಗತಿ ನೈಲಾನ್ ದಾರದ್ದು. ಕಾಲಿನ ಕಡೆಯ ಗಾರ್ಡಿಗೆ ಒಂದು ಸಣ್ಣ ಬ್ಲೇಡ್ ಇರುತ್ತದೆ, ಉದ್ದವಾದ ದಾರವನ್ನು ಅಳತೆಗೆ ಕತ್ತರಿಸುವುದು ಅದರ ಕೆಲಸ. ಅಡ್ಡ ಬರುತ್ತದೆಂದು ಗಾರ್ಡನ್ನೇ ಬಿಚ್ಚಿಟ್ಟು, ದಾರವನ್ನು ಮಾರುದ್ದ ಬಿಟ್ಟು ಹೊಡೆಸುತ್ತಾರೆ. ಬೇಗ ಕೆಲಸವಾದಂತೆ ಕಾಣುತ್ತದೆ. ಆದರೆ ಆಕ್ಸಿಲರೇಟರ್ ಪೂರ್ತಿ ಹಿಡಿದಿದ್ದರೂ ಉದ್ದ ದಾರದ ಭಾರಕ್ಕೆ ಎಂಜಿನ್ನಿನ ಸುತ್ತು ಕುಸಿಯುತ್ತದೆ. ಸುತ್ತು ಕುಸಿದರೆ ಫ್ಲೈವೀಲ್ ತಳ್ಳುವ ಗಾಳಿಯೂ ಕುಸಿಯುತ್ತದೆ. ಒಳಗೆ ಉರಿ ಪೂರ್ತಿ, ಹೊರಗೆ ಗಾಳಿ ಅರ್ಧ. ಎಂಜಿನ್ ಬೇಯುವುದಕ್ಕೆ ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಕಲ್ಲು ಸಿಡಿದು ಕಾಲಿಗೆ ಬಡಿಯುವ ಅಪಾಯ ಬೇರೆ. ಗಾರ್ಡ್ ಇಲ್ಲದ ಯಂತ್ರವನ್ನು ದಯವಿಟ್ಟು ಯಾರ ಕೈಗೂ ಕೊಡಬೇಡಿ.

ಆಯಿಲ್ ಹೆಚ್ಚಾದರೂ ಕೇಡೇ. ಕಂಠದವರೆಗೆ ತುಂಬಿದರೆ ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಮಾಡುತ್ತವೆ, ನೊರೆ ಬಿಸಿಯೇರುತ್ತದೆ, ಬ್ರೀದರಿನಿಂದ ಉಕ್ಕಿ ಏರ್ ಕ್ಲೀನರ್ ತೊಯ್ಯಿಸುತ್ತದೆ. ಮಟ್ಟ ನೋಡುವ ರೀತಿಯೂ ಕಂಪನಿಯಿಂದ ಕಂಪನಿಗೆ ಬೇರೆ. ಹೋಂಡಾ ಮೂವರ್ ಎಂಜಿನ್ನಿನಲ್ಲಿ ಕಡ್ಡಿಯನ್ನು ಒರೆಸಿ, ತಿರುಪದೆ ಸುಮ್ಮನೆ ಇಳಿಬಿಟ್ಟು ನೋಡಬೇಕು. ಬ್ರಿಗ್ಸ್ ಎಂಜಿನ್ನುಗಳಲ್ಲಿ ಹೆಚ್ಚಿನವಕ್ಕೆ ಪೂರ್ತಿ ತಿರುಪಿ ತೆಗೆದು ನೋಡಬೇಕು. ಎರಡೂ ಕಡೆ ಎಂಜಿನ್ ಸಮತಟ್ಟು ನೆಲದ ಮೇಲಿರಬೇಕು. ಮೂವರ್ ಬ್ಲೇಡ್ ತೊಳೆಯಲು ಮಗುಚುವಾಗ ಏರ್ ಕ್ಲೀನರ್ ಇರುವ ಬದಿ ಆಕಾಶದ ಕಡೆ ಇರಲಿ. ಇಲ್ಲದಿದ್ದರೆ ಆಯಿಲ್ ಕಾರ್ಬ್ಯುರೇಟರ್ ಸೇರಿ, ಮತ್ತೆ ಚಾಲೂ ಮಾಡಿದಾಗ ಅಂಗಳವೆಲ್ಲ ಬಿಳಿ ಹೊಗೆ. ತೀರಾ ಇಳಿಜಾರಿನಲ್ಲಿ ಮೂವರ್ ಓಡಿಸಬೇಡಿ. ಸುಮಾರು 20 ಡಿಗ್ರಿಗಿಂತ ಹೆಚ್ಚು ವಾಲಿದರೆ ಅದರ ಎಂಜಿನ್ನಿನಲ್ಲಿ ಆಯಿಲ್ ಒಂದು ಮೂಲೆಗೆ ಸರಿದು, ಅದನ್ನು ಒಳಗೆಲ್ಲ ಎರಚುವ ಚಮಚದಂಥ ಭಾಗಕ್ಕೆ ಸಿಗದೇ ಹೋಗಬಹುದು. ಅಂಥ ಜಾಗಕ್ಕೆ ವೀಡ್ ಕಟರೇ ಸರಿ.

ಬಿಸಿಯ ಬಗ್ಗೆಯೇ ಇಷ್ಟು ಹೇಳಿದ ಮೇಲೆ ತಂಪಿನ ಬಗ್ಗೆಯೂ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಮಳೆಗಾಲದಲ್ಲಿ ಮನೆಯ ಸುತ್ತ ಐದು ನಿಮಿಷ ಹುಲ್ಲು ಹೊಡೆದು ಯಂತ್ರ ಒಳಗಿಡುವವರಿದ್ದಾರೆ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ರಿಂಗು ದಾಟಿ ಆಯಿಲಿಗೆ ಬರುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಆ ನೀರು ಆವಿಯಾಗಿ ಹೊರಟುಹೋಗುತ್ತದೆ, ಕಾಯದಿದ್ದರೆ ಅಲ್ಲೇ ಕೂರುತ್ತದೆ. ಮುಚ್ಚಳದ ಒಳಬದಿಯಲ್ಲಿ ಹಾಲಿನ ಬಣ್ಣದ ಲೋಳೆ ಕಂಡರೆ ಇದೇ ಕಾರಣ. ಅಂಥವರು ಒಮ್ಮೆ ಚಾಲೂ ಮಾಡಿದರೆ ಇಪ್ಪತ್ತು ನಿಮಿಷವಾದರೂ ದುಡಿಸಿ. ಆಯಿಲ್ ಮಟ್ಟ ತಾನಾಗಿ ಏರಿದ್ದು ಕಂಡು, ಮೂಗಿಗೆ ಪೆಟ್ರೋಲ್ ವಾಸನೆ ಬಡಿದರೆ ಕಾರ್ಬ್ಯುರೇಟರ್ ಸೋರಿ ಪೆಟ್ರೋಲ್ ಆಯಿಲಿಗೆ ಇಳಿದಿದೆ ಎಂದು ತಿಳಿಯಿರಿ. ಆ ಆಯಿಲಿನಲ್ಲಿ ಒಂದು ನಿಮಿಷವೂ ಎಂಜಿನ್ ಓಡಿಸಬಾರದು. ಈಗ ಬಂಕಿನಲ್ಲಿ ಸಿಗುವ ಎಥೆನಾಲ್ ಬೆರೆತ ಪೆಟ್ರೋಲ್ ಮಳೆಗಾಲದ ತೇವವನ್ನು ಹೀರಿಕೊಳ್ಳುತ್ತದೆ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡಿ.

ಆಯಿಲಿನ ಬಿಸಿಯನ್ನು ಅಳೆದು ನೋಡುವ ಆಸೆಯಿರುವವರಿಗೆ ದಾರಿ ಇದೆ. ಕೈಗಾರಿಕೆಯಲ್ಲಿ ಬಳಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ದುಬಾರಿಯೇನಲ್ಲ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕೆ ಬಾರದು, ಅದು ಮೈಜ್ವರದ ಅಳತೆಗಷ್ಟೇ. ಕೈಗಾರಿಕೆಯ ಥರ್ಮಾಮೀಟರನ್ನೂ ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಅದು ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಎಂಜಿನ್ನಿನ ತಳದಲ್ಲಿ, ಒಳಗೆ ಆಯಿಲ್ ನಿಲ್ಲುವ ಜಾಗದ ನೇರಕ್ಕೆ, ಬಿಸಿ ತಾಳುವ ಕಪ್ಪು ಮ್ಯಾಟ್ ಬಣ್ಣವನ್ನು ರೂಪಾಯಿ ಅಗಲ ಬಳಿದು ಅಲ್ಲಿ ಅಳೆಯಿರಿ. ಅರ್ಧ ಗಂಟೆ ಕೆಲಸವಾದ ಕೂಡಲೇ ನೋಡಿದರೆ ಒಂದು ಅಂದಾಜು ಸಿಗುತ್ತದೆ. ಒಳಗಿನ ಆಯಿಲ್ ಅದಕ್ಕಿಂತ ಸ್ವಲ್ಪ ಹೆಚ್ಚೇ ಬಿಸಿಯಿರುತ್ತದೆ. ಅದೇ ತೋಟ, ಅದೇ ಹುಲ್ಲು, ಅದೇ ಹವೆ ಇದ್ದೂ ಹೋದ ತಿಂಗಳಿಗಿಂತ 15 ಡಿಗ್ರಿ ಹೆಚ್ಚು ತೋರಿಸಿದರೆ ಮೊದಲು ರೆಕ್ಕೆಗಳ ಸಂದಿ ನೋಡಿ, ಆಮೇಲೆ ಆಯಿಲ್ ಮಟ್ಟ ನೋಡಿ. ಅಳೆಯುವ ಸಲಕರಣೆ ಇಲ್ಲದವರು ಇದನ್ನಷ್ಟೇ ಮಾಡಿದರೂ ಸಾಕು: ಕೆಲಸ ಮುಗಿದ ಮೇಲೆ ಒಂದೆರಡು ನಿಮಿಷ ಎಂಜಿನ್ನನ್ನು ನಿಧಾನದಲ್ಲಿ ಓಡಲು ಬಿಟ್ಟು ಆಮೇಲೆ ಆರಿಸುವುದು. ಪೂರ್ತಿ ವೇಗದಿಂದ ದಿಢೀರನೆ ನಿಲ್ಲಿಸಿದರೆ ಗಾಳಿ ನಿಲ್ಲುತ್ತದೆ, ಸಿಲಿಂಡರಿನ ಬಿಸಿಯೆಲ್ಲ ಒಳಗೇ ಉಳಿಯುತ್ತದೆ.

ಆಯಿಲ್ ಬದಲಿಸುವ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳುವುದು ಸುಲಭ. ಹೊಸ ಯಂತ್ರಕ್ಕೆ ಮೊದಲ ಬದಲಾವಣೆ ಬೇಗ ಆಗಬೇಕು, ಐದರಿಂದ ಹತ್ತು ಗಂಟೆ ಓಡಿದೊಡನೆ. ಹೊಸ ರಿಂಗು, ಬೋರು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರಿದ ಪುಡಿಯೆಲ್ಲ ಆ ಮೊದಲ ಆಯಿಲಿನಲ್ಲಿರುತ್ತದೆ. ಆಮೇಲೆ 50 ಗಂಟೆಗೊಮ್ಮೆ. ಬಿಸಿಲಲ್ಲಿ ದಟ್ಟ ಹುಲ್ಲು ಹೊಡೆಯುವವರು 25 ಗಂಟೆಗೇ ಬದಲಿಸಿದರೆ ನಾನು ಅವರನ್ನು ಮೆಚ್ಚುತ್ತೇನೆ. ದಿನಕ್ಕೆ ಐದು ಗಂಟೆ ಯಂತ್ರ ಓಡಿದರೆ 50 ಗಂಟೆ ಅಂದರೆ ಹತ್ತು ದಿನ! ವರ್ಷಕ್ಕೊಮ್ಮೆ ಗೌರಿ ಹಬ್ಬದ ಹೊತ್ತಿಗೆ ಬದಲಿಸಿದರಾಯಿತು ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಎಂಜಿನ್ ಬೆಚ್ಚಗಿರುವಾಗ ಬಸಿದರೆ ಕೊಳೆಯೂ ಜೊತೆಗೆ ಬರುತ್ತದೆ. ಬಸಿದ ಕರಿ ಆಯಿಲನ್ನು ಬಸಿಗಾಲುವೆಗೆ ಚೆಲ್ಲಬೇಡಿ, ಅದು ಇಳಿಯುವುದು ನಿಮ್ಮದೇ ಬಾವಿಗೆ. ಹಳೆಯ ಡಬ್ಬಿಯಲ್ಲಿ ತುಂಬಿಸಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಕೊನೆಯದಾಗಿ ಯಂತ್ರ ಹೊರುವವರ ಮಾತು. ಎಂಟು–ಹತ್ತು ಕಿಲೋ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು, ಮಳೆಯಲ್ಲಿ, ಉಂಬಳದ ನಡುವೆ, ಜಾರುವ ಇಳಿಜಾರಿನಲ್ಲಿ ದಿನವಿಡೀ ನಡೆಯುವವರು ಅವರು. ಎಂಜಿನ್ ಜಾಮ್ ಆದ ದಿನ ಕೂಲಿ ತಪ್ಪುವುದು ಅವರಿಗೆ, ಬೈಗುಳ ಸಿಗುವುದೂ ಅವರಿಗೆ. ಬೋರು, ಪಿಸ್ಟನ್, ರಿಂಗು ಬದಲಿಸುವ ಖರ್ಚು ಸಾವಿರಗಳಲ್ಲಿ. 10ಡಬ್ಲ್ಯೂ-30 ಆಯಿಲ್ ಲೀಟರಿಗೆ ಐನೂರು ರೂಪಾಯಿ ಆಸುಪಾಸು. ಒಂದು ಲೀಟರಿನಲ್ಲಿ ನೂರು ಮಿಲಿಯ ಎಂಜಿನ್ನಿಗೆ ಹತ್ತು ಸಲ ಬದಲಿಸಬಹುದು. ಆ ಡಬ್ಬಿ ನಿಮ್ಮ ಬೀರುವಿನಲ್ಲಿ ಬೀಗದೊಳಗೆ ಇರಬಾರದು.

ನಾಳೆ ಬೆಳಿಗ್ಗೆ ಕೆಲಸಕ್ಕೆ ಬಂದವರ ಕೈಗೆ ಪೆಟ್ರೋಲ್ ಕ್ಯಾನಿನ ಜೊತೆ ಆಯಿಲ್ ಡಬ್ಬಿ, ಒಂದು ಸಣ್ಣ ಆಲಿಕೆ, ಒರೆಸುವ ಬಟ್ಟೆ, ಬ್ರಷ್ ಕೊಡಿ. ಮುಚ್ಚಳ ಎಲ್ಲಿದೆ, ಮಟ್ಟ ಎಲ್ಲಿಯವರೆಗೆ ಇರಬೇಕು ಎಂದು ಪಕ್ಕದಲ್ಲಿ ಕೂತು ಒಮ್ಮೆ ತೋರಿಸಿ. ಪೆಟ್ರೋಲ್ ತುಂಬಿಸಿದಾಗೆಲ್ಲ ಆಯಿಲ್ ನೋಡಬೇಕೆಂದು ಹೇಳಿ, ಆಯಿಲ್ ಕೇಳಿದಾಗ ಇಲ್ಲವೆನ್ನಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಸಣ್ಣ ಎಂಜಿನ್ ರಿಪೇರಿಗಾರ